ವೃದ್ಧರ ಋಣವೂ ರಾಜ್ಯದ ಲೆಕ್ಕವೂ

(ಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಲಾದ ಉಪನ್ಯಾಸ)



ಮಹೋತ್ಸವವು ಸಂತೋಷದ ಕಾಲವಾಗಿರುವಂತೆಯೇ ಲೆಕ್ಕದ ಕಾಲವೂ ಆಗಿರುವದು. ಇಷ್ಟು ವರ್ಷಗಳಲ್ಲಿ ಭಕ್ತರಿಂದ ಬಂದ ಧಾನ್ಯವೆಷ್ಟು, ದಾಸೋಹಕ್ಕೆ ಸಂದದ್ದೆಷ್ಟು, ಪ್ರಸಾದನಿಲಯದಲ್ಲಿ ಉಂಡು ಓದಿ ಹೋದ ಮಕ್ಕಳೆಷ್ಟು ಎಂಬದನ್ನು ಇಂಥ ಸಮಯದಲ್ಲಿ ಭಕ್ತರ ಮುಂದೆ ಓದಿ ಹೇಳುವದು ಮಠಕ್ಕೆ ಶೋಭೆ. ಸಾವಿರ ರೂಪಾಯಿ ಕೊಟ್ಟ ಸಿರಿವಂತನಿಗೆ ಆ ಲೆಕ್ಕವನ್ನು ಕೇಳುವ ಅಧಿಕಾರವೆಷ್ಟಿರುವದೋ, ಒಂದು ಹಿಡಿ ಜೋಳ ಕೊಟ್ಟ ಬಡವಿಗೂ ಅಷ್ಟೇ ಇರುವದು. ಕೇಳಿದವರನ್ನು ಯಾವ ಗುರುವೂ ಗದರಿಸುವದಿಲ್ಲ. ಏಕೆಂದರೆ ಭಂಡಾರವು ಯಾರದೂ ಸ್ವಂತದ್ದಲ್ಲ. ಅದನ್ನು ಕಾಯುವವರು ಕಾವಲುಗಾರರು ಮಾತ್ರ.

ಇದೇ ಮಾತನ್ನು ಮಠದ ಭಂಡಾರಕ್ಕಿಂತ ಎಷ್ಟೋ ಪಾಲು ಹಿರಿದಾದ ರಾಜ್ಯದ ಭಂಡಾರಕ್ಕೂ ಅನ್ವಯಿಸಿ ನೋಡುವದು ಈ ಉಪನ್ಯಾಸದ ಉದ್ದೇಶವಾಗಿರುವದು. ಅದಕ್ಕಾಗಿ ಎರಡು ವಿಷಯಗಳನ್ನು ಆರಿಸಿಕೊಳ್ಳಲಾಗಿದೆ. ಪ್ರಾಂತದ ಊರುಗಳನ್ನು ಒಂದಕ್ಕೊಂದು ಕೂಡಿಸುವ ರೈಲುಗಾಡಿಯು ಒಂದು. ದುಡಿಯುವ ಶಕ್ತಿ ಕುಂದಿದ ವೃದ್ಧರ ಪಾಲನೆಯು ಇನ್ನೊಂದು. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಒಬ್ಬ ಮುದುಕನ ಒಂದು ದಿನವನ್ನು ಕಣ್ಣ ಮುಂದೆ ತಂದುಕೊಂಡರೆ, ಎರಡೂ ಅವನ ಧೋತರದ ಒಂದೇ ಗಂಟಿನಲ್ಲಿ ಕೂಡಿಕೊಂಡಿರುವದು ಕಾಣುವದು.

ಮಗ್ಗದ ಮುಂದೆ ಆಯುಷ್ಯವನ್ನು ಸವೆಸಿದ ಎಪ್ಪತ್ತು ವರ್ಷದ ಒಬ್ಬ ನೇಕಾರನನ್ನು ಭಾವಿಸಿಕೊಳ್ಳೋಣ. ಹೆಂಡತಿ ತೀರಿಕೊಂಡಿದ್ದಾಳೆ. ಮಗನು ದುಡಿಮೆಯನ್ನರಸಿ ದೂರದ ಪಟ್ಟಣಕ್ಕೆ ಹೋಗಿದ್ದಾನೆ. ಹಳ್ಳಿಗರು ಪಗಾರವೆಂದು ಕರೆಯುವ ವೃದ್ಧಾಪ್ಯ ವೇತನವೇ ಅವನ ಎಣ್ಣೆ, ಉಪ್ಪು, ಔಷಧಗಳಿಗೆ ಆಧಾರ. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ವಾರಕ್ಕೊಮ್ಮೆ ಜಿಲ್ಲೆಯ ಆಸ್ಪತ್ರೆಗೆ ಹೋಗಬೇಕು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹತ್ತು ರೂಪಾಯಿ ಕೊಟ್ಟು ಹೋಗುವನು. ಸಂಜೆಯ ಗಾಡಿಗೆ ಹತ್ತು ರೂಪಾಯಿ ಕೊಟ್ಟು ಮರಳುವನು. ಪಗಾರವು ಒಂದು ತಿಂಗಳು ತಡವಾದರೆ ಅವನ ಗಾಡಿ ತಪ್ಪುವದು. ಗಾಡಿಯು ನಿಂತರೆ ಅವನ ಚಿಕಿತ್ಸೆ ತಪ್ಪುವದು. ಸರಕಾರದ ಕಾಗದಗಳಲ್ಲಿ ಒಂದು ಖಾತೆಯ ಹೆಸರು ರೈಲ್ವೆ, ಇನ್ನೊಂದರ ಹೆಸರು ಸಾಮಾಜಿಕ ಭದ್ರತೆ. ಅವನ ಬಾಳಿನಲ್ಲಿ ಎರಡೂ ಒಂದೇ.

ಈ ನಾಡಿನಲ್ಲಿ ಉಗಿಬಂಡಿಯ ಚರಿತ್ರೆಯು ಆರಂಭದಿಂದಲೂ ಬಡವರ ಹೊಟ್ಟೆಯ ಚರಿತ್ರೆಯೊಡನೆ ಹೆಣೆದುಕೊಂಡಿರುವದು. 1876ರಿಂದ 1878ರ ವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಘೋರವಾದ ಕ್ಷಾಮವೊಂದು ದಕ್ಷಿಣ ದೇಶವನ್ನೆಲ್ಲ ಸುಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಕೆಳಗಿಳಿದಿತ್ತು. ಆ ಬರದಲ್ಲಿ ಹಸಿದವರಿಗೆ ಕೂಲಿ ಕೊಡುವದಕ್ಕಾಗಿ ನಡೆಯಿಸಿದ ಕೆಲಸಗಳಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಮಣ್ಣಿನ ಕೆಲಸವೂ ಒಂದಾಗಿತ್ತು. 1882ರ ಹೊತ್ತಿಗೆ ಆ ದಾರಿಯು ಮೈಸೂರನ್ನು ಮುಟ್ಟಿತು. 1880ರಲ್ಲಿ ವರದಿಯನ್ನೊಪ್ಪಿಸಿದ ಕ್ಷಾಮ ಆಯೋಗವು, ಬರ ಬಿದ್ದ ಪ್ರಾಂತಗಳಿಗೆ ಕಾಳುಕಡಿಯನ್ನು ಬೇಗನೆ ಸಾಗಿಸುವದಕ್ಕಾಗಿ ರಕ್ಷಣಾರ್ಥವಾದ ರೈಲುದಾರಿಗಳನ್ನು ಹಾಕಬೇಕೆಂದು ಸೂಚಿಸಿತು. ಮುಂದೆ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು ಧಾರವಾಡ, ಗದಗ, ಬಳ್ಳಾರಿಗಳ ಒಣನಾಡಿನಲ್ಲಿ ಹಳಿಗಳನ್ನು ಹಾಸಿದುದಕ್ಕೆ ಇದೂ ಒಂದು ಕಾರಣವಾಗಿತ್ತು. ಬ್ರಿಟಿಷರ ವ್ಯಾಪಾರದ ಲಾಭವೂ ಸೈನ್ಯದ ಅನುಕೂಲವೂ ಆ ಹಳಿಗಳ ಹಿಂದೆ ಇದ್ದವೆಂಬದು ನಿಜ. ಆದರೂ ಅಶಕ್ತನಿಗೆ ಅನ್ನ ಮುಟ್ಟಿಸುವದು ರೈಲಿನ ಹೊಣೆಗಳಲ್ಲೊಂದು ಎಂಬ ಮಾತನ್ನು ಪರಕೀಯ ಪ್ರಭುತ್ವವೂ ಅಲ್ಲಗಳೆಯಲಾರದೆ ಹೋಯಿತು.

ಅದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. 1881ರ ಅಕ್ಟೋಬರ 7ರಂದು ದಿವಾನ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿದರು. ಹಿಂದಿನ ವರ್ಷದಲ್ಲಿ ಸರಕಾರವು ಮಾಡಿದ್ದೇನು, ಮುಂದೆ ಮಾಡತಕ್ಕದ್ದೇನು ಎಂಬದನ್ನು ಪ್ರಜೆಗಳ ಪ್ರತಿನಿಧಿಗಳ ಮುಂದೆ ಹೇಳುವದೇ ಆ ಸಭೆಯ ಉದ್ದೇಶವಾಗಿತ್ತು. ಆಗ ಸಭೆಗೆ ಆಯವ್ಯಯವನ್ನು ಮಂಜೂರು ಮಾಡುವ ಅಧಿಕಾರವಿರಲಿಲ್ಲ. ಕೇಳುವ ಅಧಿಕಾರ, ಅಹವಾಲನ್ನು ಹೇಳಿಕೊಳ್ಳುವ ಅಧಿಕಾರ ಮಾತ್ರವಿತ್ತು. ಆದರೆ ಅರಸನ ಸರಕಾರವು ಪ್ರಜೆಗೆ ಲೆಕ್ಕವನ್ನು ಹೇಳತಕ್ಕದ್ದು ಎಂಬ ಬೀಜವು ಅಂದು ಬಿದ್ದಿತು. ಮತದ ಅಧಿಕಾರವಿಲ್ಲದ ಪ್ರಜೆಗೆ ಅಂದು ದೊರೆತ ಉತ್ತರವು, ಮತದ ಅಧಿಕಾರವುಳ್ಳ ಇಂದಿನ ಪ್ರಜೆಗೆ ದೊರೆಯದೆ ಹೋದರೆ ಅದು ನಾಚಿಕೆಗೇಡಲ್ಲವೆ?

ಸ್ವತಂತ್ರ ಭಾರತದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಅದರ 41ನೆಯ ವಿಧಿಯು ಈ ವಿಷಯವನ್ನು ಸ್ಪಷ್ಟವಾಗಿ ಬರೆದಿಟ್ಟಿತು. ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ, ನಿರುದ್ಯೋಗ, ವೃದ್ಧಾಪ್ಯ, ರೋಗ, ಅಂಗವೈಕಲ್ಯಗಳ ಪ್ರಸಂಗಗಳಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ದೊರೆಯುವಂತೆ ಏರ್ಪಾಡು ಮಾಡತಕ್ಕದ್ದೆಂಬದು ಅದರ ತಾತ್ಪರ್ಯ. ಆದರೆ ಇದು ನಿರ್ದೇಶಕ ತತ್ತ್ವಗಳ ಭಾಗದಲ್ಲಿರುವದರಿಂದ, 37ನೆಯ ವಿಧಿಯ ಪ್ರಕಾರ, ನೇರವಾಗಿ ನ್ಯಾಯಾಲಯಕ್ಕೆ ಹೋಗಿ ಇದನ್ನು ಪಡೆಯಲು ಬರುವದಿಲ್ಲ. ಅದೇ 37ನೆಯ ವಿಧಿಯು, ಈ ತತ್ತ್ವಗಳು ರಾಜ್ಯಭಾರಕ್ಕೆ ಮೂಲಭೂತವಾದವುಗಳೆಂದೂ, ಕಾನೂನು ಮಾಡುವಾಗ ಇವುಗಳನ್ನು ಅನ್ವಯಿಸುವದು ರಾಜ್ಯದ ಕರ್ತವ್ಯವೆಂದೂ ಹೇಳುವದು. ಅಂದರೆ ಋಣವು ಒಪ್ಪಲ್ಪಟ್ಟಿದೆ. ತೀರಿಸುವ ದಿನವನ್ನು ಮಾತ್ರ ಬರೆದಿಲ್ಲ. ದಿನ ಬರೆಯದ ಸಾಲವು ಹೇಗೆ ತೀರುವದೆಂಬದನ್ನು ಹಳ್ಳಿಯ ಒಕ್ಕಲಿಗನಿಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ. ಅದು ಕೇಳುವವನಿದ್ದರೆ ಮಾತ್ರ ತೀರುವದು.

ಇದಲ್ಲದೆ ಹೊಣೆಯು ಎರಡು ಮನೆಗಳಲ್ಲಿ ಹಂಚಿಹೋಗಿರುವದು. ರೈಲ್ವೆಯು ಕೇಂದ್ರದ ಪಟ್ಟಿಯಲ್ಲಿ ಸೇರಿದ ವಿಷಯ. ಸಾಮಾಜಿಕ ಭದ್ರತೆಯೂ ವೃದ್ಧಾಪ್ಯ ವೇತನವೂ ಕೇಂದ್ರ ಮತ್ತು ರಾಜ್ಯಗಳೆರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿರುವವು. ಹೀಗಾಗಿ ಯಾವದೊಂದು ಲೋಪವಾದರೂ ಬೆಂಗಳೂರು ದಿಲ್ಲಿಯ ಕಡೆಗೆ ಬೆರಳು ತೋರಿಸುವದೂ, ದಿಲ್ಲಿಯು ಬೆಂಗಳೂರಿನ ಕಡೆಗೆ ತೋರಿಸುವದೂ ಸುಲಭವಾಗಿದೆ. ಇಬ್ಬರು ಮಕ್ಕಳಿರುವ ತಾಯಿಯು ಕೆಲವೊಮ್ಮೆ ಇಬ್ಬರ ಮನೆಯಲ್ಲಿಯೂ ಉಪವಾಸವಿರುವಂತೆ, ಇಬ್ಬರು ಒಡೆಯರ ನಡುವೆ ಪ್ರಜೆಯ ಪ್ರಶ್ನೆಯು ಉಪವಾಸ ಬೀಳುವದು.

ಮೊದಲು ರೈಲಿನ ಸಂಗತಿಯನ್ನು ನೋಡತಕ್ಕದ್ದು. ಈ ಪ್ರಾಂತದ ಜನರ ಬಹುಕಾಲದ ಒತ್ತಾಯದ ತರುವಾಯ 2003ರ ಏಪ್ರಿಲ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ವಲಯವು ಆರಂಭವಾಯಿತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ಅದರಲ್ಲಿ ಸೇರಿದವು. ಆದರೆ ಕಲಬುರಗಿಯು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಬೀದರವು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ ವಿಭಾಗದಲ್ಲಿ, ಮಂಗಳೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ ವಿಭಾಗದಲ್ಲಿ ಉಳಿದುವು. ಕಲಬುರಗಿಯ ಪ್ರಯಾಣಿಕನು ಗಾಡಿಯ ವೇಳೆಯನ್ನು ಕುರಿತು ಅಹವಾಲು ಹೇಳಿಕೊಳ್ಳಬೇಕಾದರೆ ಸೊಲ್ಲಾಪುರದ ಕಡೆಗೆ ಮುಖ ಮಾಡಬೇಕಾಯಿತು. ಬೀದರದವನು ಸಿಕಂದರಾಬಾದದ ಕಡೆಗೆ. ಯಾರನ್ನು ಕೇಳಬೇಕೆಂಬದೇ ತಿಳಿಯದಿದ್ದಾಗ ಕೇಳುವವನ ಅರ್ಧ ಬಲವು ಅಲ್ಲಿಯೇ ಉಡುಗಿಹೋಗುವದು.

ಬಸವಾದಿ ಶರಣರು ನಡೆದಾಡಿದ ಕಲ್ಯಾಣದ ನಾಡಿನಲ್ಲಿಯೇ ನಡೆದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬೀದರ ಮತ್ತು ಕಲಬುರಗಿಗಳನ್ನು ಹುಮನಾಬಾದದ ಮೇಲೆ ಹಾಯ್ದು ಕೂಡಿಸುವ ಸುಮಾರು 110 ಕಿಲೋಮೀಟರುಗಳ ರೈಲುದಾರಿಯು 1997-98ರಲ್ಲಿ ಮಂಜೂರಾಯಿತು. ಅದು ಪೂರ್ಣವಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ 29ರಂದು. ನಡುವೆ ಇಪ್ಪತ್ತು ವರ್ಷಗಳು ಕಳೆದುಹೋದವು. ಮಂಜೂರಾದ ಸುದ್ದಿಯನ್ನು ಕೇಳಿ ಹಿಗ್ಗಿದ ಅರವತ್ತು ವರ್ಷದ ರೈತನು, ಬದುಕಿದ್ದರೆ, ಮೊದಲ ಗಾಡಿಯನ್ನು ನೋಡುವಾಗ ಎಂಬತ್ತರ ಮುದುಕನಾಗಿದ್ದನು. ದೇಶದ ಆಯುಷ್ಯದಲ್ಲಿ ಇಪ್ಪತ್ತು ವರ್ಷ ಅಲ್ಪವಿರಬಹುದು. ಮನುಷ್ಯನ ಮುಪ್ಪಿನಲ್ಲಿ ಇಪ್ಪತ್ತು ವರ್ಷವೆಂದರೆ ಇಡೀ ಮುಪ್ಪು. ಇಂತಹ ದಾರಿಗಳು ತಡವಾಗುವದಕ್ಕೆ ಹಣದ ಕೊರತೆ, ಭೂಸ್ವಾಧೀನದ ತೊಡಕು, ಸೇತುವೆಗಳ ಕೆಲಸ ಮೊದಲಾದ ನಿಜವಾದ ಕಾರಣಗಳಿರುವವು. ಆದರೆ ಈ ಇಪ್ಪತ್ತು ವರ್ಷಗಳಲ್ಲಿ ಯಾವ ವರ್ಷದ ವಿಳಂಬವು ಯಾರದೆಂಬದನ್ನು ಊರೂರಿಗೆ ಬಂದು ಜನರಿಗೆ ಹೇಳತಕ್ಕ ಪದ್ಧತಿಯೇ ಇರಲಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳಿರುವವು. ವಿಳಂಬಕ್ಕೆ ಮಾತ್ರ ಕಲ್ಲೂ ಇಲ್ಲ, ಹೆಸರೂ ಇಲ್ಲ.

ತರುವಾಯ 2020ರ ಮಾರ್ಚಿನಲ್ಲಿ ಕೊರೋನಾ ಮಹಾಮಾರಿಯು ಬಂದಿತು. ಪ್ರಯಾಣಿಕರ ಗಾಡಿಗಳೆಲ್ಲ ನಿಂತುವು. ರೋಗವು ಹರಡದಂತೆ ತಡೆಯುವದಕ್ಕಾಗಿ ಹಾಗೆ ಮಾಡಿದ್ದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಗಾಡಿಗಳು ಕ್ರಮೇಣ ಮತ್ತೆ ಓಡತೊಡಗಿದಾಗ, ಅನೇಕ ಪ್ಯಾಸೆಂಜರ್ ಗಾಡಿಗಳು ವಿಶೇಷ ಎಕ್ಸ್‌ಪ್ರೆಸ್ ಎಂಬ ಹೊಸ ಹೆಸರನ್ನು ಹೊತ್ತುಕೊಂಡು ಬಂದುವು. ಅದೇ ಹಳಿ, ಅದೇ ಡಬ್ಬಿ, ಹೆಚ್ಚು ಕಡಮೆ ಅದೇ ವೇಗ. ಹತ್ತು ರೂಪಾಯಿ ಇದ್ದ ಕನಿಷ್ಠ ದರವು ಮಾತ್ರ ಮೂವತ್ತಾಯಿತು. ಮಹಾಮಾರಿಯು ಇಳಿದ ಮೇಲೂ ಆ ದರವು ಇಳಿಯಲಿಲ್ಲ. 2024ರ ಫೆಬ್ರುವರಿಯ ಕೊನೆಯಲ್ಲಿ ಹಳೆಯ ದರವು ಮರಳಿ ಬಂದಿತು. ಬಡವನ ಗಾಡಿಯ ದರವು ಮೂರು ಪಟ್ಟು ಏರಿದ್ದೂ, ಬಹುಕಾಲ ಹಾಗೆಯೇ ನಿಂತದ್ದೂ ಆಡಳಿತದ ಆಜ್ಞೆಯಿಂದಲೇ ಹೊರತು, ಸಂಸತ್ತಿನಲ್ಲಿ ಚರ್ಚೆಯಾಗಿ ಆದ ಯಾವದೊಂದು ಕಾನೂನಿನಿಂದಲೂ ಅಲ್ಲ.

ಮೇಲೆ ಹೇಳಿದ ನೇಕಾರನ ಲೆಕ್ಕವನ್ನು ಇಲ್ಲಿ ಮಾಡಿ ನೋಡತಕ್ಕದ್ದು. ತಿಂಗಳಿಗೆ ನಾಲ್ಕು ಬಾರಿ ಹೋಗಿ ಬರಲು ಮೊದಲು 80 ರೂಪಾಯಿ ಆಗುತ್ತಿತ್ತು. ಹೊಸ ದರದಲ್ಲಿ 240 ಆಯಿತು. ಹೆಚ್ಚಾದದ್ದು 160 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದ ಯೋಜನೆಯಲ್ಲಿ ಅವನ ವಯಸ್ಸಿನವನಿಗೆ ಕೇಂದ್ರ ಸರಕಾರವು ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ಒಂದೇ ಸರಕಾರದ ಒಂದು ಕೈ ಇನ್ನೂರು ಕೊಟ್ಟಿತು, ಇನ್ನೊಂದು ಕೈ ಅದರಲ್ಲಿ ನೂರಾ ಅರವತ್ತನ್ನು ಮರಳಿ ತೆಗೆದುಕೊಂಡಿತು. ಎರಡು ಕೈಗಳ ಲೆಕ್ಕವನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡುವವರು ಯಾರೂ ಇರಲಿಲ್ಲ.

ವೃದ್ಧರಿಗೆ ಸಲ್ಲುತ್ತಿದ್ದ ರಿಯಾಯತಿಯ ಕಥೆಯೂ ಇದೇ ಬಗೆಯದು. ಅರವತ್ತು ತುಂಬಿದ ಗಂಡಸರಿಗೆ ದರದಲ್ಲಿ ಶೇಕಡಾ 40, ಐವತ್ತೆಂಟು ತುಂಬಿದ ಹೆಂಗಸರಿಗೆ ಶೇಕಡಾ 50 ಬಿಡುವ ಪದ್ಧತಿಯು ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಇದ್ದಿತು. 2020ರ ಮಾರ್ಚ 20ರಂದು ಅದನ್ನು ನಿಲ್ಲಿಸಲಾಯಿತು. ವೃದ್ಧರು ಮಹಾಮಾರಿಯ ಕಾಲದಲ್ಲಿ ಅನಾವಶ್ಯಕವಾಗಿ ಪ್ರಯಾಣ ಮಾಡಬಾರದೆಂಬದು ಆಗ ಹೇಳಿದ ಕಾರಣ. ಕಾರಣವು ಹೋಯಿತು, ನಿಷೇಧವು ಉಳಿಯಿತು. ಸಂಸತ್ತಿನ ರೈಲ್ವೆ ಸ್ಥಾಯೀ ಸಮಿತಿಯು 2023ರಲ್ಲಿ, ಸ್ಲೀಪರ್ ವರ್ಗ ಮತ್ತು ಮೂರನೆಯ ಹವಾನಿಯಂತ್ರಿತ ವರ್ಗಗಳಲ್ಲಾದರೂ ರಿಯಾಯತಿಯನ್ನು ಮರಳಿ ಕೊಡುವ ವಿಚಾರ ಮಾಡಬೇಕೆಂದು ಸಲಹೆ ಮಾಡಿತು. ಆ ಸಲಹೆಯು ಕಾರ್ಯಕ್ಕೆ ಬರಲಿಲ್ಲ.

ಸರಕಾರದ ಪಕ್ಷವನ್ನೂ ನ್ಯಾಯವಾಗಿ ಹೇಳತಕ್ಕದ್ದು. ರೈಲ್ವೆ ಸಚಿವಾಲಯವು ಸಂಸತ್ತಿನಲ್ಲಿ ಕೊಟ್ಟ ಉತ್ತರದಂತೆ, ಪ್ರಯಾಣಿಕನನ್ನು ಸಾಗಿಸಲು ತಗಲುವ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 54 ರೂಪಾಯಿಯನ್ನು ಮಾತ್ರ ಅವನಿಂದ ಪಡೆಯಲಾಗುತ್ತಿದ್ದು, ಉಳಿದ 46 ರೂಪಾಯಿಯ ರಿಯಾಯತಿಯು ಪ್ರತಿಯೊಬ್ಬನಿಗೂ ಸಿಗುತ್ತಿದೆ. ಈ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಸರಕು ಸಾಗಣೆಯ ಲಾಭದಿಂದ ಪ್ರಯಾಣಿಕರ ನಷ್ಟವನ್ನು ತುಂಬಿಕೊಳ್ಳುವದು ರೈಲ್ವೆಯ ಬಹುಕಾಲದ ಸ್ಥಿತಿ. ಹಣವು ಆಕಾಶದಿಂದ ಬೀಳುವದಿಲ್ಲ. ಒಬ್ಬನಿಗೆ ಬಿಟ್ಟದ್ದನ್ನು ಇನ್ನೊಬ್ಬನಿಂದ ತರಬೇಕು. ಆದರೆ ಪ್ರಶ್ನೆಯು ರಿಯಾಯತಿಯನ್ನು ಕೊಡಲೇಬೇಕೋ ಬೇಡವೋ ಎಂಬಷ್ಟೇ ಅಲ್ಲ. ಕೊಡಲಾಗದಿದ್ದರೆ ಕೊಡಲಾಗದೆಂದು ತೀರ್ಮಾನಿಸಿದವರು ಯಾರು? ಯಾವ ವೃದ್ಧನಿಗೆ ಎಷ್ಟು ನಷ್ಟವಾಗುವದೆಂದು ನೋಡಿದರೆ? ಸಿರಿವಂತನಾದ ವೃದ್ಧನಿಗೂ ಬಡವನಾದ ವೃದ್ಧನಿಗೂ ಇರುವ ಭೇದವನ್ನು ತೂಗಿದರೆ? ತಾತ್ಕಾಲಿಕವೆಂದು ಹೇಳಿದ್ದನ್ನು ಶಾಶ್ವತ ಮಾಡುವಾಗ ಪ್ರಜೆಯ ಮುಂದೆ ಬಂದು ಹಾಗೆಂದು ಹೇಳಿದರೆ? ತಾಯಿಯು ಮಗುವಿಗೆ ಹಾಲಿಲ್ಲವೆಂದು ಹೇಳಬಹುದು. ಹಾಲಿಲ್ಲದ ಕಾರಣವನ್ನು ಹೇಳದೆ ಬಾಗಿಲನ್ನು ಮುಚ್ಚಿಕೊಳ್ಳಬಾರದು.

ಇಲ್ಲಿ ಇನ್ನೊಂದು ಬದಲಾವಣೆಯನ್ನೂ ನೆನೆಯತಕ್ಕದ್ದು. 1924ರಿಂದ ರೈಲ್ವೆಗೆ ಪ್ರತ್ಯೇಕವಾದ ಆಯವ್ಯಯ ಪತ್ರವಿದ್ದಿತು. ಅದು ಮಂಡಿತವಾದಾಗ ದೇಶದ ಪ್ರತಿಯೊಂದು ಪ್ರಾಂತದ ಸದಸ್ಯನು ತನ್ನ ಊರಿನ ಗಾಡಿ, ಸೇತುವೆ, ಸ್ಟೇಶನ್ನುಗಳ ವಿಷಯವನ್ನು ಎತ್ತುವ ಸಂಪ್ರದಾಯವಿದ್ದಿತು. 2017ರಲ್ಲಿ ಅದನ್ನು ಸಾಮಾನ್ಯ ಆಯವ್ಯಯ ಪತ್ರದಲ್ಲಿ ಕೂಡಿಸಲಾಯಿತು. ಇದರಿಂದ ಆಡಳಿತಕ್ಕೆ ಅನುಕೂಲವಾಗಿರಬಹುದು. ಆದರೆ ಊರಿನ ಗಾಡಿಯ ಮಾತು ದೇಶದ ಸಭೆಯಲ್ಲಿ ಕೇಳಿಬರುತ್ತಿದ್ದ ಒಂದು ಹಬ್ಬದ ದಿನವು ಹೋಯಿತು. ಕೇಳುವ ಜಾಗವು ಚಿಕ್ಕದಾದಷ್ಟೂ ಕೇಳುವವನು ಗಟ್ಟಿಯಾಗಿ ಕೇಳಬೇಕಾಗುವದು.

ಇನ್ನು ವೃದ್ಧರ ಪಾಲನೆಯ ಸಂಗತಿ. 2011ರ ಜನಗಣತಿಯಲ್ಲಿ ಅರವತ್ತು ತುಂಬಿದವರು ಭಾರತದಲ್ಲಿ 10 ಕೋಟಿಗೂ ಮೇಲೆ ಇದ್ದರು. 1995ರ ಆಗಸ್ಟ 15ರಂದು ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವು ಆರಂಭವಾದಾಗ ದಿಕ್ಕಿಲ್ಲದ ವೃದ್ಧನಿಗೆ ಕೇಂದ್ರವು ಕೊಟ್ಟದ್ದು ತಿಂಗಳಿಗೆ 75 ರೂಪಾಯಿ. 2007ರ ಹೊತ್ತಿಗೆ ಅದು 200 ಆಗಿತ್ತು. 2011ರಲ್ಲಿ ವಯಸ್ಸಿನ ಮಿತಿಯನ್ನು 65ರಿಂದ 60ಕ್ಕೆ ಇಳಿಸಿ, ಎಂಬತ್ತು ದಾಟಿದವರಿಗೆ 500 ರೂಪಾಯಿಯನ್ನು ಗೊತ್ತುಪಡಿಸಲಾಯಿತು. ಇದು ಒಳ್ಳೆಯ ಕೆಲಸ. ಆದರೆ ಎಂಬತ್ತರ ಒಳಗಿನವರ ಆ 200 ಮುಂದೆ ಹದಿನೈದು ವರ್ಷ ಕಳೆದರೂ 200 ಆಗಿಯೇ ಉಳಿಯಿತು. ಅಕ್ಕಿಯ ಬೆಲೆ ನಿಲ್ಲಲಿಲ್ಲ, ಔಷಧದ ಬೆಲೆ ನಿಲ್ಲಲಿಲ್ಲ, ಸರಕಾರಿ ನೌಕರರ ತುಟ್ಟಿಭತ್ಯೆಯೂ ನಿಲ್ಲಲಿಲ್ಲ. ವೃದ್ಧನ ಇನ್ನೂರು ಮಾತ್ರ ಕಲ್ಲಿನ ಕಂಬದಂತೆ ನಿಂತಿತು. ಕರ್ನಾಟಕ ಸರಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿ, 2021ರಲ್ಲಿ ಅದರ ಮೊತ್ತವನ್ನು 1,000 ರೂಪಾಯಿಯಿಂದ 1,200ಕ್ಕೆ ಏರಿಸಿತು. ದಿನಕ್ಕೆ ನಲವತ್ತು ರೂಪಾಯಿ. ಇದರಲ್ಲಿ ರಾಜ್ಯವು ಕೇಂದ್ರಕ್ಕಿಂತ ಮುಂದೆ ಹೋಗಿದೆಯೆಂದು ಒಪ್ಪಬೇಕು. ಆದರೂ ಈ ಮೊತ್ತಗಳು ಬೆಲೆಗಳೊಡನೆ ತಾವಾಗಿಯೇ ಏರತಕ್ಕದ್ದೆಂಬ ನಿಯಮವಿಲ್ಲ. ಏರಿಸಿದರೆ ಅದು ಕೃಪೆ, ಏರಿಸದಿದ್ದರೆ ಅದು ಮೌನ. ವೃದ್ಧನು ಕೃಪೆಗೂ ಮೌನಕ್ಕೂ ನಡುವೆ ಕುಳಿತಿರುವನು.

2007ರಲ್ಲಿಯೇ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ ಒಂದು ಕಾನೂನು ಬಂದಿತು. ಅದರಲ್ಲಿ ಮಕ್ಕಳ ಹೊಣೆಯು ಸ್ಪಷ್ಟವಾಗಿದೆ. ಉಪವಿಭಾಗಾಧಿಕಾರಿಯ ದರ್ಜೆಗೆ ಕಡಮೆಯಲ್ಲದ ಅಧಿಕಾರಿಯ ನ್ಯಾಯಮಂಡಳಿಯ ಮುಂದೆ ವೃದ್ಧರು ವಕೀಲರಿಲ್ಲದೆ ಅರ್ಜಿ ಕೊಡಬಹುದು. ತೊಂಬತ್ತು ದಿನಗಳಲ್ಲಿ ತೀರ್ಮಾನವಾಗತಕ್ಕದ್ದು. ವಿಶೇಷ ಪ್ರಸಂಗದಲ್ಲಿ ಇನ್ನೂ ಮೂವತ್ತು ದಿನ. ಮುದಿ ತಂದೆತಾಯಿಗಳನ್ನು ತೊರೆದುಬಿಟ್ಟವನಿಗೆ ಮೂರು ತಿಂಗಳ ವರೆಗೆ ಕಾರಾಗೃಹ ಅಥವಾ ಐದು ಸಾವಿರ ರೂಪಾಯಿಗಳ ವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದೆಲ್ಲ ಸರಿಯಾದದ್ದೇ. ಆದರೆ ಅದೇ ಕಾನೂನಿನ 19ನೆಯ ಪ್ರಕರಣವನ್ನು ಓದಿದರೆ ಮಾತು ಬದಲಾಗುವದು. ದಿಕ್ಕಿಲ್ಲದ ವೃದ್ಧರಿಗಾಗಿ ಜಿಲ್ಲೆಗೊಂದರಂತೆ, ಕನಿಷ್ಠ 150 ಜನರು ಇರಲು ತಕ್ಕ ವೃದ್ಧಾಶ್ರಮಗಳನ್ನು ರಾಜ್ಯ ಸರಕಾರವು ಸ್ಥಾಪಿಸಬಹುದು ಎಂದು ಅಲ್ಲಿರುವದು. ಸ್ಥಾಪಿಸತಕ್ಕದ್ದು ಎಂದಲ್ಲ. ಮಗನಿಗೆ ಆಜ್ಞೆ, ಸರಕಾರಕ್ಕೆ ಅನುಮತಿ. ಮಗನು ಬಿಟ್ಟರೆ ಶಿಕ್ಷೆ. ಸರಕಾರವು ಬಿಟ್ಟರೆ ಏನೂ ಇಲ್ಲ. ಮಗನೇ ಇಲ್ಲದವನು, ಮಗನಿದ್ದೂ ಅವನೇ ಹಸಿದಿರುವವನು, ಯಾರ ಮೇಲೆ ಅರ್ಜಿ ಕೊಡಬೇಕು?

ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರ 13ರ ತೀರ್ಪಿನಲ್ಲಿ ಈ ಪ್ರಶ್ನೆಯ ಹತ್ತಿರ ಬಂದಿತು. ಘನತೆಯಿಂದ ಬದುಕುವ, ಆಶ್ರಯ ಪಡೆಯುವ, ಆರೋಗ್ಯವನ್ನು ಕಾಯ್ದುಕೊಳ್ಳುವ ವೃದ್ಧರ ಹಕ್ಕುಗಳನ್ನು ಅದು ಸಂವಿಧಾನದ 21ನೆಯ ವಿಧಿಯೊಳಗೆ ಕಂಡಿತು. ಪ್ರತಿಯೊಂದು ಜಿಲ್ಲೆಯಲ್ಲಿ ಇರುವ ವೃದ್ಧಾಶ್ರಮಗಳೆಷ್ಟು, ವೃದ್ಧರಿಗೆ ದೊರೆಯುವ ವೈದ್ಯಕೀಯ ನೆರವೇನು ಎಂಬದರ ವಿವರಗಳನ್ನು ರಾಜ್ಯಗಳಿಂದ ತರಿಸಿಕೊಳ್ಳಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ವೃದ್ಧಾಪ್ಯ ವೇತನದ ಯೋಜನೆಗಳನ್ನು ಕಾಲಕ್ಕೆ ತಕ್ಕಂತೆ ಮತ್ತೆ ಪರಿಶೀಲಿಸಬೇಕೆಂದೂ ಹೇಳಿತು. ಇಲ್ಲಿ ಗಮನಿಸತಕ್ಕ ಮಾತೊಂದಿರುವದು. ನ್ಯಾಯಾಲಯವು ಮೊದಲು ಕೇಳಿದ್ದು ಹಣವನ್ನಲ್ಲ, ಲೆಕ್ಕವನ್ನು. ಎಷ್ಟಿವೆ, ಎಲ್ಲಿವೆ, ಯಾರಿಗಿವೆ ಎಂಬದು ಗೊತ್ತಿಲ್ಲದ ಒಡೆಯನು ಏನನ್ನು ಕೊಟ್ಟರೂ ಕತ್ತಲೆಯಲ್ಲಿ ಕೊಟ್ಟಂತೆಯೇ.

ಲೆಕ್ಕವನ್ನು ಕೇಳುವದೆಂದರೆ ಅಧಿಕಾರಿಯನ್ನು ಅವಮಾನಿಸುವದೆಂದು ಕೆಲವರು ತಿಳಿಯುವರು. ಈ ಸಭೆಯಲ್ಲಿ ಅದಕ್ಕೆ ಉತ್ತರವನ್ನು ಬಹುದೂರ ಹುಡುಕಬೇಕಾಗಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹಣವನ್ನು ಜಂಗಮರಿಗೆ ಸೂರೆಮಾಡುತ್ತಿರುವರೆಂದು ಅರಸನ ಕಿವಿಯಲ್ಲಿ ಚಾಡಿ ಹೇಳಿದವರ ಪ್ರಸಂಗವು ಬಸವಪುರಾಣದಲ್ಲಿ ಬರುವದು. ಲೆಕ್ಕ ಕೇಳಿದಾಗ ಬಸವಣ್ಣನವರು ಮುನಿಸಿಕೊಳ್ಳಲಿಲ್ಲ, ತಮ್ಮ ದೊಡ್ಡತನವನ್ನು ಮುಂದೆ ಮಾಡಲಿಲ್ಲ. ಭಂಡಾರವನ್ನು ತೆರೆದು ಎಣಿಸಲು ಹೇಳಿದರು. ಒಂದು ಹೊನ್ನೂ ಕಡಮೆಯಾಗಿರಲಿಲ್ಲ. ಭಕ್ತರು ಈ ಕಥೆಯಲ್ಲಿ ಪವಾಡವನ್ನು ಕಾಣುವರು. ರಾಜ್ಯವನ್ನಾಳುವವರು ಅದರಲ್ಲಿ ಇನ್ನೊಂದನ್ನೂ ಕಾಣಬೇಕು. ಶುದ್ಧವಾದ ಕೈಯುಳ್ಳವನಿಗೆ ಲೆಕ್ಕದ ಪ್ರಶ್ನೆಯು ಅಪಮಾನವಲ್ಲ; ಭಂಡಾರದ ಬಾಗಿಲನ್ನು ತೆರೆಯುವ ಸಂದರ್ಭವದು.

ಹೀಗಿರಲಾಗಿ ಮಠದ ಭಕ್ತರಾದವರು ಮಾಡತಕ್ಕದ್ದೇನು? ದಾಸೋಹವನ್ನು ನಡೆಯಿಸುವದಂತೂ ಸರಿಯೇ. ಹಸಿದು ಬಂದ ವೃದ್ಧನನ್ನು, ನಿನ್ನ ಹೊಣೆ ಸರಕಾರದ್ದೆಂದು ಹೇಳಿ ಯಾವ ಮಠವೂ ಹಿಂದಿರುಗಿಸಲಾರದು. ಆದರೆ ಮಠದ ದಾಸೋಹವು ಸರಕಾರದ ಲೋಪದ ಮೇಲೆ ಹೊದಿಸಿದ ಶಾಲಾಗಬಾರದು. ಮಠವು ಅನ್ನವಿಕ್ಕುವದೆಂಬ ಕಾರಣದಿಂದ ಅಧಿಕಾರಿಯು ಪಗಾರವನ್ನು ಮೂರು ತಿಂಗಳು ತಡೆದರೆ, ಆ ಅನ್ನವು ವೃದ್ಧನಿಗಿಂತ ಹೆಚ್ಚಾಗಿ ಆ ಆಲಸ್ಯಕ್ಕೆ ಬಡಿಸಿದಂತಾಗುವದು. ಅನ್ನವನ್ನೂ ಬಡಿಸಬೇಕು, ಪಗಾರವೇಕೆ ಬರಲಿಲ್ಲವೆಂದು ಕೇಳಲೂ ಬೇಕು. ಮೊದಲನೆಯದು ದಯೆ, ಎರಡನೆಯದು ನ್ಯಾಯ. ಎರಡನೆಯದನ್ನು ಬಿಟ್ಟ ದಯೆಯು ಬಡವನನ್ನು ಬಡವನಾಗಿಯೇ ಇಡುವದು.

ಕೇಳುವದಕ್ಕೆ ದಾರಿಗಳೂ ಉಂಟು. 2005ರ ಮಾಹಿತಿ ಹಕ್ಕಿನ ಕಾನೂನಿನ ಪ್ರಕಾರ ಯಾವ ಪ್ರಜೆಯಾದರೂ ಚಿಕ್ಕದೊಂದು ಶುಲ್ಕವನ್ನು ಕೊಟ್ಟು ಸರಕಾರದ ಕಾಗದಗಳನ್ನು ಕೇಳಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ ಉತ್ತರ ಬರತಕ್ಕದ್ದು. ರಿಯಾಯತಿಯನ್ನು ನಿಲ್ಲಿಸಿದ್ದರಿಂದ 2022-23ರ ಒಂದೇ ವರ್ಷದಲ್ಲಿ ರೈಲ್ವೆಗೆ ವೃದ್ಧ ಪ್ರಯಾಣಿಕರಿಂದ ಸುಮಾರು 2,242 ಕೋಟಿ ರೂಪಾಯಿ ಹೆಚ್ಚಾಗಿ ಬಂದಿತೆಂಬ ಸಂಗತಿಯು ಹೊರಬಿದ್ದದ್ದು ಇಂಥ ಒಂದು ಅರ್ಜಿಯಿಂದಲೇ. 2011ರ ಕರ್ನಾಟಕದ ಸಕಾಲ ಕಾನೂನಿನಂತೆ ಗೊತ್ತಾದ ಸೇವೆಗಳನ್ನು ಗೊತ್ತಾದ ದಿನದೊಳಗೆ ಕೊಡತಕ್ಕದ್ದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳ ವರೆಗೆ ಪರಿಹಾರವನ್ನು ಕೇಳಬಹುದು. ರೈಲ್ವೆಯ ವಿಭಾಗಗಳಲ್ಲಿಯೂ ವಲಯಗಳಲ್ಲಿಯೂ ಪ್ರಯಾಣಿಕರ ಸಲಹಾ ಸಮಿತಿಗಳಿರುವವು. ಅವುಗಳ ಮಾತು ಆಜ್ಞೆಯಲ್ಲವಾದರೂ ಅಲ್ಲಿ ಎತ್ತಿದ ಪ್ರಶ್ನೆಯು ಕಾಗದದ ಮೇಲೆ ಉಳಿಯುವದು.

ಆದರೆ ಕಣ್ಣು ಮಂಜಾದ ಮುದುಕನು ಅರ್ಜಿಯನ್ನು ಬರೆಯುವದೆಂತು? ಇಲ್ಲಿಯೇ ಶಿಷ್ಯವರ್ಗದ ಕಾಯಕವಿರುವದು. ಪ್ರಸಾದನಿಲಯದಲ್ಲಿ ಉಂಡು ಅಕ್ಷರ ಕಲಿತ ತರುಣರು ಈ ನಾಡಿನಲ್ಲಿ ಎಷ್ಟೋ ಮಂದಿ ಇರುವರು. ಅವರಲ್ಲಿ ಒಬ್ಬೊಬ್ಬನು ತನ್ನ ಊರಿನ ವೃದ್ಧರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾರ ಪಗಾರವು ಯಾವ ತಿಂಗಳು ಬಂದಿತು, ಯಾವ ತಿಂಗಳು ತಪ್ಪಿತು. ಊರಿನ ಸ್ಟೇಶನ್ನಿನಲ್ಲಿ ಯಾವ ಗಾಡಿಯ ನಿಲುಗಡೆ ತಪ್ಪಿತು, ಎಂದಿನಿಂದ ತಪ್ಪಿತು. ಅರ್ಜಿ ಕೊಟ್ಟದ್ದೆಂದು, ಉತ್ತರ ಬಂದದ್ದೆಂದು. ಇಷ್ಟನ್ನು ಬರೆದರೆ ಸಾಕು. ವರ್ಷಕ್ಕೊಮ್ಮೆ ಜಾತ್ರೆಯ ಸಮಯದಲ್ಲಿ ಆ ಪುಸ್ತಕಗಳನ್ನು ಮಠದ ಅಂಗಳದಲ್ಲಿ ಓದಲಿ. ಶಾಸಕರನ್ನೂ ಸಂಸತ್ ಸದಸ್ಯರನ್ನೂ ಅಧಿಕಾರಿಗಳನ್ನೂ ಗೌರವದಿಂದ ಕರೆದು, ಹಾರವನ್ನು ಹಾಕುವ ಮೊದಲು ಅದನ್ನು ಕೇಳಿಸಲಿ. ಇದರಲ್ಲಿ ಪಕ್ಷವಿಲ್ಲ, ದ್ವೇಷವಿಲ್ಲ. ದಿಲ್ಲಿಯ ತಪ್ಪು ದಿಲ್ಲಿಗೆ, ಬೆಂಗಳೂರಿನ ತಪ್ಪು ಬೆಂಗಳೂರಿಗೆ, ಇಬ್ಬರ ಒಳಿತು ಇಬ್ಬರಿಗೂ ಸಲ್ಲಲಿ. ಒಳ್ಳೆಯದನ್ನು ಮಾಡಿದ ಅಧಿಕಾರಿಯ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.

ವೃದ್ಧರು ಸರಕಾರದ ಬಾಗಿಲಿನಲ್ಲಿ ನಿಂತ ಭಿಕ್ಷುಕರಲ್ಲ. ಇಂದು ಓಡುವ ಗಾಡಿಯ ಹಳಿಗೆ ಮಣ್ಣು ಹೊತ್ತವರು, ಇಂದು ಉಡುವ ಬಟ್ಟೆಯನ್ನು ನೆಯ್ದವರು, ಇಂದು ಉಣ್ಣುವ ಹೊಲವನ್ನು ಹಸನು ಮಾಡಿದವರು ಅವರೇ. ಅವರು ಕೊಟ್ಟದ್ದು ಮೊದಲು, ನಾಡು ಅವರಿಗೆ ಕೊಡುವದು ತರುವಾಯ. ಇದಕ್ಕೆ ದಾನವೆಂಬ ಹೆಸರು ಸಲ್ಲದು. ಋಣವೆಂಬ ಹೆಸರೇ ಸಲ್ಲತಕ್ಕದ್ದು. ಸಾಲ ಕೊಟ್ಟವನು ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ.

ಮಹೋತ್ಸವದ ದೀಪಗಳು ನಾಲ್ಕು ದಿನಗಳಲ್ಲಿ ಆರುವವು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಮುದುಕನು ಮರುದಿನ ಬೆಳಿಗ್ಗೆಯೂ ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಗಾಡಿಗಾಗಿ ಕಾಯುತ್ತ ಕುಳಿತಿರುವನು. ಅವನ ಪಕ್ಕದಲ್ಲಿ, ಕೈಯಲ್ಲಿ ಒಂದು ಪುಸ್ತಕವನ್ನು ಹಿಡಿದು, ಈ ಮಠದ ಒಬ್ಬ ಶಿಷ್ಯನೂ ಕುಳಿತಿದ್ದರೆ ಈ ಉತ್ಸವವು ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.